ನಂಬರು ಫಲಕದ ಮೇಲೆ ಮೂರು ಪದರ ಕೊಳೆ



ಕೊಳೆರೋಗ, ಕಾಯಿಕೊರಕ, ಗೊಬ್ಬರದ ಬೆಲೆ ಮುಂತಾದ ವಿಷಯಗಳಿಗೆ ಮೀಸಲಾದ ಈ ಪುಟಗಳಲ್ಲಿ ಮೋಟಾರು ಸೈಕಲಿನ ನಂಬರು ಫಲಕವನ್ನು ತೊಳೆಯುವ ಬಗೆಯನ್ನು ಕುರಿತು ಬರೆಯಹೊರಟರೆ ಕೆಲವರಿಗೆ ನಗು ಬಂದೀತು. ನಗಲಿ, ಅಡ್ಡಿಯಿಲ್ಲ. 2023ರ ನವೆಂಬರಿಗೆ ಮೊದಲು ಯಾರಾದರೂ ಇಂಥದೊಂದು ಲೇಖನ ಬರೆದಿದ್ದರೆ ನಾನೂ ಪುಟ ಮಗುಚಿ ಅಡಿಕೆ ಧಾರಣೆಯ ಕಡೆಗೆ ಹೋಗುತ್ತಿದ್ದವನೇ.

ಆ ತಿಂಗಳು ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ ನಡೆದ ಕೃಷಿಮೇಳವನ್ನು ನೋಡಿಬರಲು ನಾನೂ ನಮ್ಮ ಅಕ್ಕನ ಗಂಡನೂ ಕೊಪ್ಪದಿಂದ ರಾತ್ರಿಯ ಬಸ್ಸು ಹತ್ತಿದೆವು. ಭಾವನವರಿಗೆ ಅಡಿಕೆ ಸುಲಿಯುವ ಯಂತ್ರವೊಂದನ್ನು ನೋಡಬೇಕಾಗಿತ್ತು. ನನಗೆ ಕಾರ್ಬನ್ ಫೈಬರ್ ದೋಟಿಯ ಮೇಲೆ ಕಣ್ಣಿತ್ತು. ಉಳಿದುಕೊಳ್ಳುವುದಕ್ಕೆ ಮಗನ ಬಾಡಿಗೆ ಮನೆ ಇದ್ದೇ ಇತ್ತು, ದೀಪಾಂಜಲಿ ನಗರದಲ್ಲಿ. ಮೆಜೆಸ್ಟಿಕ್ಕಿನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ವಿಜಯನಗರ, ಅತ್ತಿಗುಪ್ಪೆ ದಾಟಿದ ಮೇಲಿನ ನಿಲ್ದಾಣವೇ ಅದು. 2015ರ ನವೆಂಬರಿನಲ್ಲಿ ಆ ಭಾಗಕ್ಕೆ ಮೆಟ್ರೊ ಬಂದಿತು. ಅದಕ್ಕೆ ಮುಂಚೆ ಮಗನ ಮನೆಗೆ ಹೋಗುವುದೆಂದರೆ ಮಾರುಕಟ್ಟೆಯಿಂದ ಸಿರ್ಸಿ ವೃತ್ತದ ಮೇಲೆ ಮೈಸೂರು ರಸ್ತೆಯಲ್ಲಿ ಅರ್ಧ ದಿನದ ಪ್ರಯಾಣವೆಂದೇ ಲೆಕ್ಕ.

ಆ ಪ್ರದೇಶವನ್ನು ನೋಡದವರಿಗೆ ನಾಲ್ಕು ಮಾತು ಹೇಳಬೇಕು. ಒಂದು ಕಡೆ ಬಿ.ಎಚ್.ಇ.ಎಲ್. ಕಾರ್ಖಾನೆ, ಅದರ ನೆರೆಯಲ್ಲಿ ನಮ್ಮೂರ ಟ್ರಾನ್ಸ್‌ಫಾರ್ಮರಿನ ಮೇಲೆ ಹೆಸರು ಓದಿ ಮಾತ್ರ ನನಗೆ ಗೊತ್ತಿದ್ದ ಕವಿಕ, ಸ್ವಲ್ಪ ದೂರದಲ್ಲಿ ಮೈಸೂರು ಕಡೆಯ ಬಸ್ಸುಗಳ ಸ್ಯಾಟಲೈಟ್ ನಿಲ್ದಾಣ, ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿ. ರಸ್ತೆಯ ಪಕ್ಕಕ್ಕೇ ಹರಿಯುವುದು ವೃಷಭಾವತಿ. ಹೆಸರಿಗೆ ನದಿ, ಮೂಗಿಗೆ ಬೇರೆ ಏನೋ. ಮುಂದೆ ನಾಯಂಡಹಳ್ಳಿಯಲ್ಲಿ ಹೊರವರ್ತುಲ ರಸ್ತೆ ಬಂದು ಕೂಡುತ್ತದೆ. ಬಸ್ಸು, ಲಾರಿ, ಮಣ್ಣು ತುಂಬಿದ ಟಿಪ್ಪರು, ಜಲ್ಲಿ, ಮರಳು, ಎಲ್ಲವೂ ಅಲ್ಲಿಯೇ ಹಾಯಬೇಕು. ಮಗನ ಕೆಲಸ ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾದ್ದರಿಂದ ಅವನು ಪಕ್ಕದ ಸರ್ವಿಸ್ ರಸ್ತೆಯಲ್ಲಿಯೇ ಹೋಗಿಬರುತ್ತಾನೆ. ಆ ರಸ್ತೆಯ ಧೂಳು ಕೆಸರುಗಳ ಪ್ರಸಾದ ಅವನಿಗೂ ಅವನ ಬೈಕಿಗೂ ದಿನಕ್ಕೆರಡು ಬಾರಿ ದೊರೆಯುತ್ತದೆ.

ಎರಡನೆಯ ದಿನ ಸಂಜೆ, ಮೇಳದಿಂದ ಬಂದು ಕಾಫಿ ಕುಡಿದು ಕುಳಿತಿದ್ದಾಗ ಭಾವ ಚೀಲ ತಡವಿ ನೋಡಿಕೊಂಡು, "ಎಲೆ ಮುಗೀತು ಮಾರಾಯ, ಈಗ ಬಂದೆ" ಎಂದು ಎದ್ದರು. "ನಾನೂ ಬರ್ತೀನಿ ತಡೀರಿ ಭಾವ" ಎಂದೆ. "ಎಲೆ ತರೋಕೆ ಇಬ್ಬರು ಯಾಕೆ?" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಹತ್ತು ನಿಮಿಷದಲ್ಲಿ ಕೆಳಗಿನ ಅಂಗಡಿಯ ಹುಡುಗ ಓಡಿಬಂದ.

ಮೈಸೂರು ರಸ್ತೆಯ ಅಂಚಿನಲ್ಲಿ ನಿಂತಿದ್ದ ಅವರನ್ನು ಎದುರು ದಿಕ್ಕಿನಲ್ಲಿ ಬಂದ ಬೈಕೊಂದು ಬಡಿದು ಕೆಡವಿ, ಒಂದು ಗಳಿಗೆ ತಡೆದಂತೆ ಮಾಡಿ, ಹೊರಟುಹೋಗಿತ್ತು. ಬಲಗಾಲಿನ ಮೊಳಕಾಲ ಕೆಳಗಿನ ಮೂಳೆ ಎರಡು ಕಡೆ ಮುರಿದಿತ್ತು. ಜನ ಒಳ್ಳೆಯವರು. ಟೀ ಅಂಗಡಿಯವನು ನೀರು ಕೊಟ್ಟ, ಆಟೋದವನೊಬ್ಬ ಬಾಡಿಗೆ ಕೇಳದೆ ಆಸ್ಪತ್ರೆಗೆ ಮುಟ್ಟಿಸಿದ. ಬೈಕನ್ನು ಕಂಡವರು ಐದಾರು ಜನರಿದ್ದರು. ನಂಬರನ್ನು ಮಾತ್ರ ಯಾರೂ ಪೂರ್ತಿ ಹೇಳಲಾರದೆ ಹೋದರು. "ಕೆ.ಎ. 41 ಇತ್ತು ಸಾರ್, ಅದು ಗ್ಯಾರಂಟಿ. ಕೊನೇದು ಮೂರೋ ಎಂಟೋ. ಮಧ್ಯದ್ದು ಬರೀ ಕೆಸರು" ಎಂದು ಟೀ ಅಂಗಡಿಯವನು ಪೊಲೀಸರ ಮುಂದೆಯೂ ಹೇಳಿದ. ಕ್ಯಾಮೆರಾದ ಚಿತ್ರವನ್ನು ತೆಗೆಸಿ ನೋಡಿದರು. ಅದರಲ್ಲೂ ಫಲಕವಿರಬೇಕಾದ ಜಾಗದಲ್ಲಿ ಒಂದು ಕಪ್ಪು ತೇಪೆ.

ಈ ಸಂಗತಿಯ ಅರ್ಥವೇನೆಂಬುದು ನಮಗೆ ತಿಳಿದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಡಿಕ್ಕಿ ಹೊಡೆದ ವಾಹನದ ನಂಬರು ಗೊತ್ತಿದ್ದರೆ ಅದರ ವಿಮಾ ಕಂಪನಿಯ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. ಮೂರನೆಯವರಿಗೆ ಆಗುವ ಹಾನಿಯ ವಿಮೆ ಪ್ರತಿಯೊಂದು ವಾಹನಕ್ಕೂ ಕಡ್ಡಾಯವಾದ್ದರಿಂದ ಚಿಕಿತ್ಸೆಯ ವೆಚ್ಚ, ಕೆಲಸ ತಪ್ಪಿದ ದಿನಗಳ ನಷ್ಟ, ಅನುಭವಿಸಿದ ನೋವು, ಎಲ್ಲವನ್ನೂ ಲೆಕ್ಕ ಹಾಕಿ ನ್ಯಾಯಮಂಡಳಿ ಮೊತ್ತ ನಿಗದಿ ಮಾಡುತ್ತದೆ. ನಂಬರು ಗೊತ್ತಿಲ್ಲದಿದ್ದರೆ ಉಳಿಯುವುದು ಗುದ್ದಿ ಓಡಿಹೋದ ಪ್ರಕರಣಗಳ ಪರಿಹಾರ ಯೋಜನೆ ಮಾತ್ರ. ಇದರಲ್ಲಿ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ. 2022ರ ಏಪ್ರಿಲ್ 1ಕ್ಕೆ ಮುಂಚೆ ಇದು ಕ್ರಮವಾಗಿ 12,500 ಮತ್ತು 25,000 ಇತ್ತೆಂಬುದನ್ನು ನೆನೆದರೆ ಹೆಚ್ಚಳವೆಂದೇ ಹೇಳಬೇಕು. ಆದರೆ ಭಾವನವರ ಕಾಲಿಗೆ ಕಂಬಿ ಕೂರಿಸಿದ ಬಿಲ್ಲು 2 ಲಕ್ಷ 80 ಸಾವಿರವನ್ನು ದಾಟಿತ್ತು. ಅದಲ್ಲದೆ ಕೊನೆಕೊಯ್ಲಿನ ಕಾಲ. ತೋಟದಲ್ಲಿ ಗೊನೆ ಕೆಂಪಾಗಿ ಉದುರುತ್ತಿದ್ದಾಗ ಯಜಮಾನರು ಬೆಂಗಳೂರಿನಲ್ಲಿ ಕಾಲು ಮೇಲೆತ್ತಿ ಮಲಗಿದ್ದರು. ಯಾವನೋ ಒಬ್ಬ ತನ್ನ ಬೈಕಿಗೆ ಒಂದು ಚೊಂಬು ನೀರು ಹಾಕದೆ ಹೋದದ್ದರ ಬೆಲೆ ಇದು. ಅವನು ಬೇಕೆಂದೇ ಕೆಸರು ಮೆತ್ತಿಕೊಂಡಿದ್ದನೋ, ಉದಾಸೀನದಿಂದ ಬಿಟ್ಟಿದ್ದನೋ ದೇವರಿಗೇ ಗೊತ್ತು. ಬಿದ್ದವನಿಗೆ ಎರಡೂ ಒಂದೇ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯಿಂದ ಬಂದವನು ಮನೆ ಬಾಗಿಲಲ್ಲಿ ನಿಂತಿದ್ದ ಮಗನ ಬೈಕಿನ ಹಿಂಭಾಗವನ್ನು ನೋಡಿದೆ. ನಿಜ ಹೇಳಬೇಕೆಂದರೆ ನಾಚಿಕೆಯಾಯಿತು. ಕೆ.ಎ. ಎಂಬುದು ಕಾಣುತ್ತಿತ್ತು. 18 ಎಂಬುದು ನನಗೆ ಗೊತ್ತಿದ್ದುದರಿಂದ ಕಾಣುತ್ತಿತ್ತು. ಉಳಿದದ್ದು ಬೂದು ಬಣ್ಣದ ಒಂದು ಚಪ್ಪಡಿ.

"ಇದನ್ನ ತೊಳೆದು ಎಷ್ಟು ದಿನ ಆಯ್ತೋ?" ಎಂದೆ.

"ಮಳೆಗಾಲದಲ್ಲಿ ತಾನಾಗೇ ತೊಳೆಯುತ್ತಲ್ಲಪ್ಪ" ಎಂದ ಮಗ.

ಇದೇ ನಮ್ಮೆಲ್ಲರ ತಪ್ಪು ಕಲ್ಪನೆ. ಮಳೆ ಫಲಕವನ್ನು ತೊಳೆಯುವುದಿಲ್ಲ, ಬಣ್ಣ ಹಚ್ಚುತ್ತದೆ. ಹಿಂದಿನ ಚಕ್ರ ಎರಚಿದ ಕೆಸರಿನ ಹನಿ ಮಡ್‌ಗಾರ್ಡಿನ ಅಂಚಿನಿಂದ ಮೇಲಕ್ಕೆ ಸುತ್ತಿ ನೇರ ಫಲಕದ ಮೇಲೆ ಕೂರುತ್ತದೆ. ಓಡುವ ವಾಹನದ ಬೆನ್ನ ಹಿಂದೆ ಗಾಳಿ ಸುಳಿಯುವುದರಿಂದ ಒಣ ದಿನಗಳಲ್ಲಿ ಧೂಳೂ ಹಿಂದಿನಿಂದ ಬಂದು ಅಲ್ಲಿಗೇ ಅಂಟುತ್ತದೆ. ಮುಂದಿನ ಫಲಕಕ್ಕಿಂತ ಹಿಂದಿನದು ಬೇಗ ಕೊಳೆಯಾಗಲು ಇದೇ ಕಾರಣ.

ಆ ಬೈಕಿನ ಇತಿಹಾಸವನ್ನು ಸ್ವಲ್ಪ ಹೇಳಬೇಕು. 2019ರ ಜೂನಿನಲ್ಲಿ ಕೊಂಡದ್ದು. ಆ ವರ್ಷದ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಫಲಕ ಕಡ್ಡಾಯವಾದ್ದರಿಂದ ಅದು ಅಂಗಡಿಯಿಂದಲೇ ಹೊಸ ಮಾದರಿಯ ಫಲಕದೊಂದಿಗೆ ಬಂದಿತ್ತು. ಮೊದಲ ಮೂರು ವರ್ಷ ನನ್ನ ತೋಟದಲ್ಲಿಯೇ ದುಡಿಯಿತು. ಅಡಿಕೆ ಚೀಲ ಹೊತ್ತಿತು, ಕಾಫಿ ಮೂಟೆ ಹೊತ್ತಿತು, ಮೈಲುತುತ್ತದ ಕ್ಯಾನು ಹೊತ್ತಿತು. ಮಗನಿಗೆ ಬಿಡದಿಯಲ್ಲಿ ಕೆಲಸವಾದ ಮೇಲೆ ಬೆಂಗಳೂರಿಗೆ ಹೋಯಿತು. ಆದ್ದರಿಂದ ಅದರ ಫಲಕದ ಮೇಲಿದ್ದುದು ಒಂದೇ ಕೊಳೆಯಲ್ಲ, ಮೂರು. ಬಾವಿ ತೋಡುವಾಗ ಪದರ ಪದರವಾಗಿ ಮಣ್ಣು ಬದಲಾಗುತ್ತದಲ್ಲ, ಹಾಗೆ: ಮೇಲೆ ಮೈಸೂರು ರಸ್ತೆಯ ಕಪ್ಪು, ಅದರಡಿ ಬೋರ್ಡೋ ದ್ರಾವಣದ ಬಿಳಿ-ನೀಲಿ ಚುಕ್ಕೆ, ತಳದಲ್ಲಿ ನಮ್ಮೂರ ಕೆಂಪು.

ಸಿಟ್ಟಿನಲ್ಲಿ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಅಡುಗೆಮನೆಯಿಂದ ಪಾತ್ರೆ ತಿಕ್ಕುವ ತಂತಿಯ ಉಂಡೆಯನ್ನು ತಂದು ಫಲಕದ ಬಲ ಮೂಲೆಯನ್ನು ಗಸಗಸನೆ ಉಜ್ಜಿದೆ. ಎದುರುಮನೆಯ ಕೆಳಗೆ ಗ್ಯಾರೇಜು ಇಟ್ಟುಕೊಂಡಿದ್ದ, ಮಾಗಡಿ ಕಡೆಯ ಐವತ್ತು ದಾಟಿದ ಮೆಕ್ಯಾನಿಕ್ಕೊಬ್ಬರು ಅಲ್ಲಿಂದಲೇ ಕೂಗಿದರು: "ಯಜಮಾನ್ರೇ, ನಿಲ್ಸಿ ನಿಲ್ಸಿ! ಪಾತ್ರೆ ಅಲ್ಲ ಅದು, ಕನ್ನಡಿ!"

ಕನ್ನಡಿಯೆಂಬ ಮಾತು ಅತಿಶಯೋಕ್ತಿಯಲ್ಲವೆಂದು ಆಮೇಲೆ ತಿಳಿಯಿತು. ಈ ಫಲಕ 1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು. ಅದರ ಮೇಲೆ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಹಾಳೆಯೊಂದನ್ನು ಅಂಟಿಸಿರುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು ಅಥವಾ ಸೂಕ್ಷ್ಮ ಪಟ್ಟಕಗಳು ಆ ಹಾಳೆಯೊಳಗಿವೆ. ಸಾಧಾರಣ ಕನ್ನಡಿ ಓರೆಯಾಗಿ ಬಿದ್ದ ಬೆಳಕನ್ನು ಇನ್ನೊಂದು ಕಡೆಗೆ ಎಸೆಯುತ್ತದೆ. ಇದು ಹಿಂದಿನ ಕಾರಿನ ದೀಪದ ಬೆಳಕನ್ನು ಆ ಕಾರಿನ ಚಾಲಕನ ಕಣ್ಣಿಗೇ ವಾಪಸು ಕಳಿಸುತ್ತದೆ. ಆದ್ದರಿಂದಲೇ ಕತ್ತಲಲ್ಲಿ ಫಲಕ ಉರಿಯುವಂತೆ ಕಾಣುವುದು. ಇದರ ಮೇಲೆ ಉಬ್ಬಿಸಿದ ಅಕ್ಷರಗಳು, ಅವುಗಳ ಮೇಲೆ ಬಿಸಿಯೊತ್ತಿ ಕೂರಿಸಿದ ಕಪ್ಪು ಪೊರೆ, ಎಡಮೂಲೆಯಲ್ಲಿ ಅಶೋಕಚಕ್ರದ ಹೊಳೆಯುವ ಮುದ್ರೆ, ಕೆಳಗೆ ಲೇಸರಿನಿಂದ ಕೊರೆದ ಗುರುತಿನ ಸಂಖ್ಯೆ. ತಂತಿಯ ಉಂಡೆ, ಮರಳು, ಬೂದಿ, ಪಾತ್ರೆ ಪುಡಿ, ಇವು ಕೊಳೆಯ ಜೊತೆಗೆ ಹಾಳೆಯ ಮೇಲ್ಮೈಯನ್ನೂ ಕೆರೆದುಹಾಕುತ್ತವೆ. ಹಗಲಿನಲ್ಲಿ ಬೆಳ್ಳಗೆ ಚೊಕ್ಕವಾಗಿ ಕಂಡರೂ ರಾತ್ರಿ ಅದು ಕುರುಡು.

ಪರೀಕ್ಷೆಯನ್ನು ಆ ಮೆಕ್ಯಾನಿಕ್ಕೇ ಹೇಳಿಕೊಟ್ಟರು. ಕತ್ತಲಾದ ಮೇಲೆ ಹತ್ತು ಹದಿನೈದು ಹೆಜ್ಜೆ ಹಿಂದೆ ನಿಂತು, ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ, ಕೆನ್ನೆಗೆ ತಾಗುವಂತೆ ಹಿಡಿದು ಫಲಕದ ಮೇಲೆ ಬಿಡಬೇಕು. ಟಾರ್ಚು ಸೊಂಟದ ಹತ್ತಿರವಿದ್ದರೆ ಬೆಳಕು ಸೊಂಟಕ್ಕೇ ವಾಪಸಾಗುತ್ತದೆ, ಕಣ್ಣಿಗೆ ಕಾಣದು. ಆ ರಾತ್ರಿ ನಾನು ನೋಡಿದಾಗ ತೊಳೆದ ಫಲಕವೆಲ್ಲ ಝಗ್ಗೆಂದು ಹೊಳೆಯಿತು. ನಾನು ಉಜ್ಜಿದ ಬಲ ಮೂಲೆ ಮಾತ್ರ ಬೂದಿ ಮುಚ್ಚಿದಂತೆ ಮಂಕಾಗಿ ಉಳಿಯಿತು. ಪುಣ್ಯಕ್ಕೆ ಅಲ್ಲಿ ಅಂಕಿಯಿರಲಿಲ್ಲ.

ಇನ್ನು ತೊಳೆದ ಕ್ರಮ. ಮೇಲಿನ ಪದರದಿಂದ ಆರಂಭಿಸೋಣ.

ಮೈಸೂರು ರಸ್ತೆಯ ಕಪ್ಪು ಬರಿಯ ಧೂಳಲ್ಲ. ಡೀಸೆಲ್ ಹೊಗೆಯ ಮಸಿ, ಎಂಜಿನ್ನುಗಳಿಂದ ತೊಟ್ಟಿಕ್ಕಿದ ಎಣ್ಣೆ, ಟೈರು ಸವೆದ ರಬ್ಬರು, ಬ್ರೇಕು ಸವೆದ ಪುಡಿ, ರಸ್ತೆಯ ಡಾಂಬರು, ಸಿಮೆಂಟಿನ ನುಣುಪು ಧೂಳು, ಇವಿಷ್ಟೂ ಬೆರೆತ ಒಂದು ಜಿಡ್ಡಿನ ಪೊರೆ. ಇದರ ಮೇಲೆ ಬರಿಯ ನೀರು ಸುರಿದರೆ ಕೆಸುವಿನ ಎಲೆಯ ಮೇಲೆ ಸುರಿದಂತೆ. ಒಣಬಟ್ಟೆಯಿಂದ ಒರೆಸುವುದಂತೂ ಕೂಡದು. ಧೂಳಿನಲ್ಲಿರುವ ಹರಳು ಹಾಳೆಯನ್ನು ಗೀರುತ್ತದೆ. ಒಂದು ಬಕೆಟ್ಟು ನೀರಿಗೆ ತಲೆಗೆ ಹಾಕುವ ಶಾಂಪುವಿನ ಒಂದು ಸ್ಯಾಷೆ ಸಾಕು. ಹಳೆಯ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡದೆ, ಫಲಕದ ಮೇಲೆ ಹೊದಿಸಿ ಹತ್ತು ನಿಮಿಷ ಬಿಡಬೇಕು. ಜ್ವರಕ್ಕೆ ಹಣೆಗೆ ಪಟ್ಟಿ ಹಾಕುತ್ತೇವಲ್ಲ, ಅದೇ ರೀತಿ. ಆಮೇಲೆ ಮೇಲಿನಿಂದ ಕೆಳಕ್ಕೆ ಹಗುರವಾಗಿ ಎಳೆದರೆ ಜಿಡ್ಡು ಬಟ್ಟೆಯೊಡನೆ ಬರುತ್ತದೆ. ಒಮ್ಮೆ ಎಳೆದ ಬಟ್ಟೆಯನ್ನು ಜಾಲಿಸದೆ ಮತ್ತೆ ಹಾಕಬಾರದು. ನಮ್ಮ ಬೈಕಿಗೆ ಮೂರು ಪಟ್ಟಿ ಬೇಕಾದವು. ಮೊದಲ ಬಕೆಟ್ಟಿನ ನೀರು ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಮಗ ಸುಮ್ಮನಾದ.

ಡಾಂಬರಿನ ಚುಕ್ಕೆಗಳು ಹಾಗೆಯೇ ಉಳಿದವು. ಊರಲ್ಲಾದರೆ ಸೀಮೆಎಣ್ಣೆ ಹುಡುಕುತ್ತಿದ್ದೆ. ಬೆಂಗಳೂರಿನ ಮನೆಗಳಲ್ಲಿ ಅದೀಗ ಸುಲಭಕ್ಕೆ ಸಿಗುವ ವಸ್ತುವಲ್ಲ. ಪೆಟ್ರೋಲು ಹಾಕಲೇ ಎಂದೆ. ಮೆಕ್ಯಾನಿಕ್ಕು ಅದಕ್ಕೂ ತಲೆಯಾಡಿಸಿದರು. ಪೆಟ್ರೋಲು, ಥಿನ್ನರು, ಉಗುರಿನ ಬಣ್ಣ ತೆಗೆಯುವ ದ್ರವ, ಇವು ಅಕ್ಷರದ ಕಪ್ಪು ಪೊರೆಯನ್ನೂ ಹಾಳೆಯ ಅಂಟನ್ನೂ ಮೆತ್ತಗೆ ಮಾಡಿಬಿಡಬಲ್ಲವು. ಇದರ ಅನುಭವ ನನಗೂ ಇದೆ. ಹಿಂದೆ ಕೈಬರಹದ ಫಲಕಗಳಿದ್ದ ಕಾಲದಲ್ಲಿ ನಾನೊಮ್ಮೆ ಥಿನ್ನರು ಹಚ್ಚಿ, ಕೊಳೆಯ ಜೊತೆ ನಂಬರನ್ನೂ ಕಳೆದುಕೊಂಡು, ಪೇಂಟರನನ್ನು ಹುಡುಕಿಕೊಂಡು ಹೋಗಿದ್ದೆ. ಡಾಂಬರಿಗೆ ಸುಲಭದ ಮದ್ದು ಕೊಬ್ಬರಿ ಎಣ್ಣೆ. ಜಿಡ್ಡನ್ನು ಜಿಡ್ಡೇ ಕರಗಿಸುತ್ತದೆ. ಹಲಸಿನ ಕಾಯಿಯ ಮೇಣಕ್ಕೆ ಕೈಗೆ ಎಣ್ಣೆ ಹಚ್ಚುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತಿಯಲ್ಲಿ ಅದ್ದಿ ಚುಕ್ಕೆಯ ಮೇಲೆ ಐದು ನಿಮಿಷ ಇಟ್ಟು ಒರೆಸಿ, ಮತ್ತೆ ಸೋಪಿನ ನೀರಿನಿಂದ ಎಣ್ಣೆಯನ್ನು ತೆಗೆಯಬೇಕು. ಎಣ್ಣೆ ಉಳಿದರೆ ನಾಳಿನ ಧೂಳಿಗೆ ಅದೇ ಅಂಟು.

ಎರಡನೆಯ ಪದರದಲ್ಲಿ ಬೆಳೆಗಾರರಾದ ನಮಗೆ ವಿಶೇಷ ಪಾಠವಿದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ: ಶೇಕಡ 1ರ ಬೋರ್ಡೋ ದ್ರಾವಣದ ಈ ಲೆಕ್ಕ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ದ್ರಾವಣ ಹದವಾಗಿದೆಯೇ ಎಂದು ನೋಡಲು ಉಜ್ಜಿದ ಕತ್ತಿಯನ್ನು ಅದ್ದುತ್ತೇವೆ. ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಬಿಡಿ ತಾಮ್ರ ಕಬ್ಬಿಣವನ್ನು ತಿಂದು ಅದರ ಜಾಗದಲ್ಲಿ ತಾನು ಕೂರುತ್ತದೆ. ಅಲ್ಯೂಮಿನಿಯಮ್ಮನ್ನು ಇನ್ನೂ ಹಸಿವಿನಿಂದ ತಿನ್ನುತ್ತದೆ. ಮೈಲುತುತ್ತವನ್ನು ಕರಗಿಸಲು ತಗಡಿನ ಡ್ರಮ್ಮಾಗಲಿ ಅಲ್ಯೂಮಿನಿಯಂ ಪಾತ್ರೆಯಾಗಲಿ ಕೂಡದೆಂದು ಹಿರಿಯರು ಹೇಳಿದ್ದು ಇದಕ್ಕೇ. ಅದೇ ಮೈಲುತುತ್ತದ ಕ್ಯಾನನ್ನು ನಾವು ಬೈಕಿನ ಹಿಂದೆ ಕಟ್ಟುತ್ತೇವೆ. ಮುಚ್ಚಳ ಸೋರಿ ತೊಟ್ಟಿಕ್ಕುವುದು ಎಲ್ಲಿಗೆ? ನೇರ ಅಲ್ಯೂಮಿನಿಯಂ ಫಲಕದ ಮೇಲಕ್ಕೆ. ಹಾಳೆ ಗಟ್ಟಿಯಿರುವಷ್ಟು ದಿನ ತಗಡಿಗೆ ರಕ್ಷಣೆಯಿದೆ. ಗೀರು ಬಿದ್ದಲ್ಲಿ, ಮೊಳೆಯ ತೂತಿನ ಅಂಚಿನಲ್ಲಿ, ಅಕ್ಷರದ ತಿರುವಿನಲ್ಲಿ ಅದು ಒಳಗೆ ಇಳಿದು ತಗಡನ್ನು ಕೊರೆಯುತ್ತದೆ, ಮೇಲಿನ ಹಾಳೆ ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ.

ಒಣಗಿದ ಬೋರ್ಡೋ ಚುಕ್ಕೆಯೂ, ಕೊಳವೆಬಾವಿಯ ಗಡಸು ನೀರಿನಿಂದ ಕೂರುವ ಬಿಳಿ ಕಲೆಯೂ ಸೋಪಿಗೆ ಬಗ್ಗುವುದಿಲ್ಲ. ಎರಡರಲ್ಲೂ ಇರುವುದು ಸುಣ್ಣದ ಅಂಶ. ಅದಕ್ಕೆ ಹುಳಿಯೇ ಬೇಕು. ಅರ್ಧ ನಿಂಬೆಹಣ್ಣಿನ ರಸವನ್ನು ಒಂದು ಲೋಟ ನೀರಿಗೆ ಹಿಂಡಿ, ಬಟ್ಟೆಯಿಂದ ಚುಕ್ಕೆಯ ಮೇಲೆ ಹಚ್ಚಿ, ಎರಡು ನಿಮಿಷ ಬಿಟ್ಟು, ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ವಿನಿಗರ್ ಇದ್ದರೆ ಒಂದು ಪಾಲಿಗೆ ನಾಲ್ಕೈದು ಪಾಲು ನೀರು. ತೊಳೆಯಲು ತಡ ಮಾಡಬಾರದೆಂಬುದಕ್ಕೆ ಕಾರಣ, ಹುಳಿಯಲ್ಲಿ ಕರಗಿದ ತಾಮ್ರ ಮತ್ತೆ ಬಿಡಿಯಾಗಿ ತಗಡನ್ನು ಹುಡುಕುತ್ತದೆ. ಕಲೆ ಹೋಗಲಿಲ್ಲವೆಂದು ಪಾಯಿಖಾನೆ ತೊಳೆಯುವ ಆಸಿಡ್ ಸುರಿದವರನ್ನು ನಾನು ಕಂಡಿದ್ದೇನೆ. ಅದು ಅಲ್ಯೂಮಿನಿಯಮ್ಮನ್ನು ಬುರುಬುರು ನೊರೆಯೆಬ್ಬಿಸಿ ತಿನ್ನುತ್ತದೆ. ಬಟ್ಟೆಸೋಡ, ಬೂದಿನೀರು ಮುಂತಾದ ಕ್ಷಾರಗಳೂ ತಗಡಿಗೆ ಶತ್ರುಗಳೇ. ಹುಳಿಯೇ ಇರಲಿ ಕ್ಷಾರವೇ ಇರಲಿ, ನಾಲಿಗೆಗೆ ತಾಗಿಸಲು ಹೆದರುವಂಥದನ್ನು ಫಲಕಕ್ಕೂ ಹಾಕಬೇಡಿ ಎಂಬುದು ನಾನು ಮಾಡಿಕೊಂಡ ಸ್ಥೂಲ ಲೆಕ್ಕ.

ಇನ್ನು ಕೆಂಪು. ನಮ್ಮ ಮುರಕಲ್ಲಿನ ಮಣ್ಣಿಗೆ ಲ್ಯಾಟರೈಟ್ ಎಂಬ ಹೆಸರನ್ನು ಪ್ರಪಂಚಕ್ಕೆ ಕೊಟ್ಟವನು ಫ್ರಾನ್ಸಿಸ್ ಬುಕನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಗ್ರಂಥದಲ್ಲಿ. ಮಲೆನಾಡಿನ ಪಂಚೆಯ ಅಂಚನ್ನು ಒಗೆದಿದ್ದರೆ ಅವನು ಇನ್ನಾವ ಹೆಸರಿಡುತ್ತಿದ್ದನೋ. ಕಬ್ಬಿಣದ ತುಕ್ಕಿನದೇ ಬಣ್ಣ ಅದು, ಕಣ ಬಲು ನುಣುಪು. ಉಬ್ಬಿದ ಅಕ್ಷರದ ಬುಡದಲ್ಲಿ, ಕೀಲಕದ ಸುತ್ತ ಅದು ಗಾರೆಯಂತೆ ಕೂತಿತ್ತು. ಇದಕ್ಕೆ ಔಷಧಿಯಿಲ್ಲ, ತಾಳ್ಮೆ ಬೇಕು. ಮತ್ತೆ ಒದ್ದೆಪಟ್ಟಿ, ಈ ಬಾರಿ ಅರ್ಧ ಗಂಟೆ. ಆಮೇಲೆ ಸವೆದ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಕ್ಷರದ ಸುತ್ತ ಮಾತ್ರ, ಮಗುವಿನ ಹಲ್ಲುಜ್ಜುವಷ್ಟು ಹಗುರವಾಗಿ. ಕೀಲಕದ ಕೆಳಗೆ ಕಪ್ಪು ಗೆರೆಯೊಂದು ಉಳಿದಿತ್ತು. ಹಸಿ ಅಡಿಕೆ ಚೀಲದಿಂದ ಸೋರಿದ ಚೊಗರು ಬೈಕಿನ ಕಬ್ಬಿಣವನ್ನು ಸೇರಿ ಆದ ಕಲೆ ಅದು. ಹಳೆಯ ಕಾಲದ ಮಸಿಯನ್ನು ಮಾಡುತ್ತಿದ್ದುದೂ ಹೀಗೆಯೇ, ಚೊಗರಿಗೆ ಕಬ್ಬಿಣ ಸೇರಿಸಿ. ಅಡಿಕೆ ಸುಲಿದ ಕೈಗೆ ಹಚ್ಚುವ ನಿಂಬೆಹಣ್ಣೇ ಇದಕ್ಕೂ ಸ್ವಲ್ಪಮಟ್ಟಿಗೆ ನಾಟಿತು.

ಫಲಕವನ್ನು ಬಿಚ್ಚಿ ತೊಳೆಯೋಣವೆಂಬ ಯೋಚನೆ ಬೇಡ. ಹೊಸ ಮಾದರಿಯದನ್ನು ಕೂರಿಸುವುದು ಒಮ್ಮೆ ಮಾತ್ರ ಬೀಳುವ ಕೀಲಕದಿಂದ. ಬಿಚ್ಚಿದರೆ ಅದು ಮುರಿಯುತ್ತದೆ, ಮತ್ತೆ ಕೂರದು. ವಾಟರ್ ಸರ್ವಿಸ್ಸಿಗೆ ಬಿಟ್ಟಾಗಲೂ ನೀರಿನ ಕೊಳವೆಯ ಮೂತಿಯನ್ನು ಫಲಕದ ಅಂಚಿಗೆ ಹತ್ತಿರ ಹಿಡಿಯದಂತೆ ಹೇಳಬೇಕು. ರಭಸಕ್ಕೆ ಹಾಳೆಯ ತುದಿ ಎದ್ದರೆ ಅಲ್ಲಿಂದ ನೀರು ಇಳಿಯುತ್ತದೆ. ನಿಂತ ಹುಡುಗರು ಕೇಳುವುದಿಲ್ಲ, ಆದರೂ ಹೇಳಬೇಕು.

ಇಷ್ಟೆಲ್ಲ ಮುಗಿಯುವಾಗ ಹನ್ನೊಂದು ಗಂಟೆ. ಮೆಕ್ಯಾನಿಕ್ಕು ಬಂದು ಹೊಸದಾಗಿ ಕಂಡ ನಂಬರನ್ನು ಗಟ್ಟಿಯಾಗಿ ಓದಿದರು. "ಈಗ ನಿಮ್ ಹುಡುಗ ತಪ್ಪಿಸ್ಕೊಳ್ಳಂಗಿಲ್ಲ ಬಿಡಿ" ಎಂದು ನಕ್ಕು, ಹಳೆಯ ಟ್ಯೂಬಿನಿಂದ ಒಂದು ಗೇಣು ಅಗಲದ ರಬ್ಬರು ಕತ್ತರಿಸಿ ಮಡ್‌ಗಾರ್ಡಿನ ತುದಿಗೆ ಎರಡು ಬೋಲ್ಟು ಹಾಕಿ ತೂಗುಬಿಟ್ಟರು. ಕೆಸರು ಹಾರುವುದು ಅರ್ಧಕ್ಕರ್ಧ ಇದರಿಂದಲೇ ನಿಂತಿತು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಬರುವಾಗ ಅರ್ಧ ಕಿಲೋ ಕಾಫಿಪುಡಿ ತಂದುಕೊಟ್ಟೆ.

ಕಾನೂನಿನ ವಿಷಯವಾಗಿ ಒಂದೆರಡು ಅಳತೆಗಳನ್ನು ಹೇಳುವುದು ಉಪಯುಕ್ತ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 51ನೆಯ ನಿಯಮದ ಪ್ರಕಾರ ಬೈಕಿನ ಹಿಂದಿನ ಫಲಕದಲ್ಲಿ ಅಕ್ಷರದ ಎತ್ತರ 35 ಮಿಲಿಮೀಟರ್, ಅಂಕಿಯದು 40, ಗೆರೆಯ ದಪ್ಪ 7, ನಡುವಣ ಅಂತರ 5. ಮುಂದಿನ ಫಲಕದಲ್ಲಿ ಎತ್ತರ 30 ಮಾತ್ರ. 5 ಮಿಲಿಮೀಟರ್ ಎಂದರೆ ಒಂದು ಕಾಳುಮೆಣಸಿನ ಗಾತ್ರ. ಅಷ್ಟು ದೊಡ್ಡ ಎರಡು ಹನಿ ಕೆಸರು ಎಡಗಡೆಯಲ್ಲಿ ಕೂತರೆ ದೂರದಿಂದ ನೋಡುವವನಿಗೆ 3 ಎಂಬುದು 8 ಆಗುತ್ತದೆ. ಟೀ ಅಂಗಡಿಯವನ ಕಣ್ಣಿನದೇನೂ ದೋಷವಿರಲಿಲ್ಲ. ತಿರುಚಿದ ಅಲಂಕಾರದ ಅಕ್ಷರಗಳನ್ನು ಇದೇ ನಿಯಮಗಳು ನಿಷೇಧಿಸಿರುವುದೂ ಓದುವುದಕ್ಕೆ ತೊಡಕಾಗುತ್ತದೆಂದೇ. ಅಕ್ಷರ ತಿರುಚುವುದು ತಪ್ಪಾದರೆ ಅದನ್ನು ಕೆಸರಿನಲ್ಲಿ ಹೂಳುವುದು ಹೇಗೆ ಸರಿಯಾದೀತು?

2019ರ ಏಪ್ರಿಲಿಗೆ ಮುಂಚೆ ನೋಂದಣಿಯಾದ ವಾಹನಗಳಿಗೂ ಹೊಸ ಫಲಕ ಹಾಕಿಸಬೇಕೆಂದು ನಮ್ಮ ರಾಜ್ಯದಲ್ಲಿ 2023ರ ಆಗಸ್ಟಿನಲ್ಲಿ ಆದೇಶವಾಯಿತು. ಮೊದಲ ಗಡುವು ಅದೇ ನವೆಂಬರ್ 17. ಮುಂದೆ ಹಲವು ಬಾರಿ ಅದು ಮುಂದಕ್ಕೆ ಹೋಯಿತು. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಬಾಯಿ ಬಿಟ್ಟವರೆಲ್ಲ ಫಲಕದ ಮಾತನ್ನೇ ಆಡುತ್ತಿದ್ದರು. ಎಲ್ಲಿ ಹಾಕಿಸುವುದು, ಎಷ್ಟು ದುಡ್ಡು, ಗಡುವು ಎಂದು? ಹಾಕಿಸಿದ ಮೇಲೆ ತೊಳೆಯುವುದು ಹೇಗೆಂದು ಕೇಳಿದವನು ಒಬ್ಬನೂ ನನಗೆ ಸಿಗಲಿಲ್ಲ.

ಊರಿಗೆ ಬಂದ ಮೇಲೆ ಒಂದು ಸೋಮವಾರ ನಮ್ಮ ಸಂಘದ ಡಿಪೋದ ಅಂಗಳದಲ್ಲಿ ಸಾಲಾಗಿ ನಿಂತ ಬೈಕುಗಳ ಹಿಂದೆ ನಡೆದು ನೋಡಿದೆ. ಅರ್ಧಕ್ಕಿಂತ ಹೆಚ್ಚಿನವನ್ನು ಐದು ಹೆಜ್ಜೆ ದೂರದಿಂದ ಓದಲಾಗಲಿಲ್ಲ. ನನ್ನ ಸ್ಕೂಟರೂ ಅವುಗಳಲ್ಲಿ ಒಂದು. ತೂಕದ ಕಟ್ಟೆಯ ಪಕ್ಕದ ನಲ್ಲಿಯ ಬಳಿ ಒಂದು ಬಕೆಟ್ಟು, ಎರಡು ಹಳೆ ಬಟ್ಟೆ ಇಡಲು ಕಾರ್ಯದರ್ಶಿಗಳು ಒಪ್ಪಿದರು. ಅಡಿಕೆ ತೂಕಕ್ಕೆ ಸರದಿ ಕಾಯುವಾಗ ಹೇಗೂ ಅರ್ಧ ಗಂಟೆ ಬಿಡುವಿರುತ್ತದೆ. ಒದ್ದೆಪಟ್ಟಿ ಹಾಕಿ ನೆನೆಸುವುದಕ್ಕೆ ಅಷ್ಟು ಹೊತ್ತು ಸಾಕು. ಮೊದಲ ವಾರ ಬಟ್ಟೆ ಕಾಣೆಯಾಯಿತು. ಈಗ ಹಗ್ಗದಲ್ಲಿ ಕಟ್ಟಿದ್ದಾರೆ.

ಭಾವನವರನ್ನು ಬಡಿದ ಬೈಕು ಪತ್ತೆಯಾಗಲಿಲ್ಲ. ವಾಹನ ಒಂದು ತಿಂಗಳೊಳಗೆ ಸಿಗದಿದ್ದರೆ ಪರಿಹಾರ ಯೋಜನೆಯ ವಿಷಯವನ್ನು ಪೊಲೀಸರೇ ಗಾಯಾಳುವಿಗೆ ಬರೆದು ತಿಳಿಸಬೇಕೆಂದು ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಆದೇಶಿಸಿತು. ಭಾವನವರ ಅರ್ಜಿ ಅದಾದ ಮೇಲೆ ಹೋಯಿತು. ಇಂಥ ಅರ್ಜಿಯನ್ನು ಅಪಘಾತ ನಡೆದ ಸ್ಥಳದ ಕಂದಾಯ ಅಧಿಕಾರಿಗೆ ಕೊಡಬೇಕು. ಅಲ್ಲಿಂದ ಜಿಲ್ಲಾಧಿಕಾರಿಯ ಮಂಜೂರಾತಿ. ಪೊಲೀಸು ವರದಿ, ಆಸ್ಪತ್ರೆಯ ದಾಖಲೆ, ಬ್ಯಾಂಕಿನ ಪಾಸ್‌ಬುಕ್ಕಿನ ಪ್ರತಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಬಂದದ್ದು 50,000. ಭಾವ ಈಗ ಕೋಲು ಹಿಡಿದು ತೋಟದ ಮೇಲಿನ ದಂಡೆಯವರೆಗೆ ಹೋಗುತ್ತಾರೆ, ಕೆಳಗಿನ ಹೊಳೆಯಂಚಿಗೆ ಇಳಿಯಲಾರರು. ಅವರ ಮನೆಗೆ ಯಾರು ಬೈಕಿನಲ್ಲಿ ಬಂದರೂ ಜಗಲಿಯಿಂದಲೇ ಕುತ್ತಿಗೆ ಚಾಚಿ ನಂಬರನ್ನು ಓದುತ್ತಾರೆ. ಓದಲಾಗದಿದ್ದರೆ ಅಕ್ಕ ಕಾಫಿ ತರುವ ಮೊದಲು ಒಂದು ಚೊಂಬು ನೀರು ತರುತ್ತಾಳೆ.